ಕರಿಗುಲಾಬಿಯ ಪಾಲು

ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದ ಆ ಹೆಂಗಸು ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಂಡಳು. ಕೈ ಹೊಲಿಗೆ ಯಂತ್ರದ ಮೇಲಿದ್ದರೆ ಕಿವಿ ಒಳಕೋಣೆಯ ಕಡೆಗೆ. ಊರಿನ ಆ ತುದಿಯಲ್ಲೇ ಇದ್ದ ಅಕ್ಕ ಮಾತ್ರ ನೆಂಟರ ಹಾಗೆ ಬಂದು, ಬಾಗಿಲಲ್ಲೇ ನಿಂತು, "ಅಮ್ಮ ಇಳಿದುಹೋಗಿದಾಳಲ್ಲೇ" ಎಂದು ಲೊಚಗುಟ್ಟಿ ಹೋಗುತ್ತಿದ್ದಳು.

ಮುದುಕಿಯ ಜೀವವೆಲ್ಲ ಹಿತ್ತಲಿನ ಕರಿಗುಲಾಬಿಯಲ್ಲಿತ್ತು. ಮೊಗ್ಗು ಕಪ್ಪೇ ಕಪ್ಪು; ಅರಳಿದರೆ ಮಖಮಲ್ಲಿನಂಥ ಕಡುಗೆಂಪು. ಮಧ್ಯಾಹ್ನದ ಬಿಸಿಲು ತಾಗಿದರೆ ಎಸಳಿನ ಅಂಚು ಸುಟ್ಟ ಕಾಗದದಂತಾಗುತ್ತಿತ್ತು. "ನೆರಳು ಕಟ್ಟಿದೆಯೇನೇ?" ಎಂದು ಮಲಗಿದಲ್ಲಿಂದಲೇ ಕೇಳುವಳು. ಮಗಳು ಹೊಲಿಗೆ ಬಿಟ್ಟೆದ್ದು ಹಳೆಯ ಪರದೆ ಕಟ್ಟಿ ಬರುವಳು.

ತಾಯಿ ತೀರಿಕೊಂಡ ಮರುವಾರ ಟೈಲರಮ್ಮ ಜ್ವರ ಬಂದು ಮಲಗಿದಳು. ಗೋಡೆ ಹಿಡಿದು ಎದ್ದು ಹಿತ್ತಲಿಗೆ ಹೋದರೆ, ಗಿಡವಿದ್ದಲ್ಲಿ ಗುಂಡಿ. ಅಕ್ಕನಿಗೆ ಫೋನ್ ಮಾಡಿದಳು.

"ನೀನು ಮಲಗಿದ್ದೆ, ಎಬ್ಬಿಸೋದ್ಯಾಕೆ ಅಂತ ನಿಮ್ಮ ಭಾವನ ಕೈಲಿ ಕೀಳಿಸ್ಕೊಂಡು ಬಂದೆ," ಎಂದಳು ಅಕ್ಕ. "ಮನೆ ನಿನಗೇ ಸಿಕ್ತಲ್ಲ. ಅಮ್ಮನ ನೆನಪಿಗೆ ನನಗೊಂದು ಗಿಡವೂ ಬೇಡ್ವಾ?"

"ಇರ್ಲಿ ಬಿಡಕ್ಕ," ಎಂದಳು ಟೈಲರಮ್ಮ. ಆ ಮಾತಿನ ಅಡಿಯಲ್ಲಿ ಕತ್ತಿ ಮಸೆಯುತ್ತಿದ್ದದ್ದು ಅಕ್ಕನಿಗೆ ಕೇಳಿಸಲಿಲ್ಲ.

ಗುಂಡಿಯಲ್ಲಿ ತುಂಡಾಗಿ ಉಳಿದಿದ್ದ ಬೇರು ಕೆಲವೇ ವಾರಗಳಲ್ಲಿ ಚಿಗುರಿತು. ತಿಳಿಹಸಿರು ಚಿಗುರು, ಮೈತುಂಬ ಮುಳ್ಳು. ಅದು ಕಾಡುಗುಲಾಬಿ. ಕರಿಗುಲಾಬಿಯನ್ನು ತಾಯಿ ಅದರ ಬುಡಕ್ಕೇ ಕಸಿ ಮಾಡಿದ್ದಳು. ಬುಡದಿಂದ ಕಾಡುಚಿಗುರು ಎದ್ದಾಗಲೆಲ್ಲ ಕಿತ್ತುಹಾಕಬೇಕು, ಬಿಟ್ಟರೆ ಮೇಲಿನದನ್ನು ತಿಂದು ತೇಗುತ್ತದೆ. ಅಕ್ಕನ ಮನೆಯಲ್ಲೂ ಇವತ್ತಲ್ಲ ನಾಳೆ ಇದು ಏಳುತ್ತದೆಂದು ಟೈಲರಮ್ಮನಿಗೆ ಗೊತ್ತಿತ್ತು. ತನ್ನ ಗುಂಡಿಯ ಚಿಗುರಿಗೆ ನೀರೆರೆಯುತ್ತ ಕಾದಳು.

ಫೋನ್ ಬಂದೇ ಬಂತು. "ಬುಡದಿಂದ ದಪ್ಪ ದಪ್ಪ ಚಿಗುರು ಬರ್ತಿದೆ ಕಣೆ. ಮೇಲಿನ ಕೊಂಬೆ ಬಡಕಲಾಗಿದೆ. ಏನ್ಮಾಡ್ಲಿ?"

"ನಾನೇ ಬರ್ತೀನಿ ಇರು."

ಹೋಗಿ ಅಕ್ಕನ ಮೆಟ್ಟಿಲ ಮೇಲೆ ಕೂತಳು. "ಹೊಸ ಚಿಗುರೇ ಇನ್ಮೇಲೆ ಹೂ ಬಿಡೋದು. ಹಳೇ ಕೊಂಬೆ ಎಲ್ಲ ಬುಡದವರೆಗೂ ಕತ್ತರಿಸಿಬಿಡು." ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿತ್ತು ದನಿ. ಅಕ್ಕ ಒಂದೊಂದಾಗಿ ಕತ್ತರಿಸಿದಳು. ಬಿದ್ದದ್ದನ್ನೆಲ್ಲ ತಂಗಿ ಚೀಲಕ್ಕೆ ತುಂಬಿಕೊಂಡಳು. "ಇಲ್ಲೇ ಬಿಟ್ರೆ ರೋಗ ಹರಡುತ್ತೆ. ತಗೊಂಡು ಹೋಗಿ ಸುಡ್ತೀನಿ."

"ನಿನ್ನದು ಒಳ್ಳೆ ಮನಸ್ಸು ಕಣೆ," ಎಂದಳು ಅಕ್ಕ.

ಕಡ್ಡಿಗಳು ಒಣಗದಂತೆ ಟೈಲರಮ್ಮ ದಾರಿಯಲ್ಲೇ ಚೀಲಕ್ಕೆ ನೀರು ಚಿಮುಕಿಸಿದಳು. ಮನೆ ಮುಟ್ಟಿದವಳೇ ಕಾಜಾ ಕತ್ತರಿಸುವ ಬ್ಲೇಡಿನಿಂದ ಕಾಡುಗಿಡದ ತೊಗಟೆ ಸೀಳಿ, ತಾಯಿ ಮಾಡುತ್ತಿದ್ದಂತೆ ಕಡ್ಡಿಯಿಂದ ಬಿಡಿಸಿದ ಕರಿಗುಲಾಬಿಯ ಚಿಗುರುಗಣ್ಣುಗಳನ್ನು ಕೂರಿಸಿ ಬಿಗಿದು ಕಟ್ಟಿದಳು. ಕೆಲವು ಕಪ್ಪಿಟ್ಟು ಸತ್ತವು. ಒಂದು ಬದುಕಿತು.

ಮರುವರ್ಷ ಅಕ್ಕನ ಗಿಡ ಗೋಡೆಯೆತ್ತರ ಬೆಳೆದು, ಒಗೆದು ಒಗೆದು ಬಣ್ಣ ಬಿಟ್ಟ ಚಿಂದಿಯಂಥ ಪುಟ್ಟ ಹೂಗಳನ್ನು ಬಿಟ್ಟಿತು. ಮುಳ್ಳಿಗೆ ಭಾವನ ಅಂಗಿ ಹರಿಯಿತು. ಅದನ್ನು ಹೊಲಿಸಲು ಬಂದ ಅಕ್ಕ ಕಿಟಕಿಯಿಂದ ಹಿತ್ತಲು ಕಂಡು ಅಲ್ಲೇ ನಿಂತಳು. ಪರದೆಯ ನೆರಳಲ್ಲಿ ಕರಿಗುಲಾಬಿ ಅರಳಿತ್ತು.

"ಸುಡ್ತೀನಿ ಅಂದಿದ್ದೆ."

"ಸುಡ್ಲಿಲ್ಲ."

"ಬೇಕಂತ್ಲೇ ನನ್ನ ಕೈಯಿಂದ್ಲೇ ಕತ್ತರಿಸೋ ಹಾಗೆ ಮಾಡಿದ್ಯಾ?"

"ಹೂಂ." ಟೈಲರಮ್ಮ ಅಂಗಿಯ ಹರಿದ ತೋಳನ್ನು ಬೆಳಕಿಗೆ ಹಿಡಿದಿದ್ದಳು. "ಅವತ್ತು ಗಿಡ ಕೀಳೋಕೆ ಬಂದಿದ್ಯಲ್ಲ ಅಕ್ಕ, ಒಳಗೆ ನಾನು ಜ್ವರದಲ್ಲಿ ಬಿದ್ದಿದ್ದೆ. ಒಂದು ಲೋಟ ನೀರು ಬೇಕಾ ಅಂತ ಕೇಳಿದ್ಯಾ?"

ಅಕ್ಕ ಮತ್ತೆ ಕಿಟಕಿಯ ಕಡೆ ತಿರುಗಿದಳು. "ಒಂದು ಕಡ್ಡಿನಾದ್ರೂ ಕೊಡೆ," ಎಂದಳು.

"ಇಲ್ಲ."

ಅಕ್ಕ ಅಂಗಿಯನ್ನೂ ಬಿಟ್ಟು ಹೊರಟುಹೋದಳು, ಮತ್ತೆ ಬರಲಿಲ್ಲ. ಟೈಲರಮ್ಮ ಅಂಗಿಯನ್ನು ನೀಟಾಗಿ ಹೊಲಿದು ಮಡಿಸಿ ಕಳಿಸಿಕೊಟ್ಟಳು. ರಕ್ತ ಸಂಬಂಧ, ಇಷ್ಟು ಹಟ ಒಳ್ಳೆಯದಲ್ಲ ಎಂದು ಪಕ್ಕದ ಮನೆಯವಳು ಬುದ್ಧಿ ಹೇಳಿದಳು. ಹೇಳುವಷ್ಟು ಹೇಳಲಿ ಎಂದು ಟೈಲರಮ್ಮ ಹೊಲಿಗೆ ಮುಂದುವರಿಸಿದಳು. ಅವಳ ಹೊಟ್ಟೆ ತಣ್ಣಗಾಗಿತ್ತು. ಅಂಗಿ ಕಳಿಸಿದ ಸಂಜೆ, ತಾಯಿ ಹೋದ ಮೇಲೆ ಮೊದಲ ಬಾರಿಗೆ, ಎರಡನೇ ಸಲ ಬಡಿಸಿಕೊಂಡು ಉಂಡಳು.