ಮುತ್ತಿ ಎತ್ತಿಕೊಟ್ಟ ಸಾಲು

ರುದ್ರಮ್ಮ ಮೊದಲ ಸಲ ಚೆಲ್ಲೋ ಕೇಳಿದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಅವಳ ತಂದೆ ಗಂಗಣ್ಣ ಶನಿವಾರಸಂತೆ ಕಡೆಯವರು. ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಪ್ಪನಿಗೆ ಬುತ್ತಿ ಕೊಡಲು ಹೋದ ಹುಡುಗಿ ಬಂಗಲೆಯ ಕಿಟಕಿಯ ಕೆಳಗೆ ನಿಂತುಬಿಟ್ಟಳು. ಒಳಗೆ ಎಸ್ಟೇಟಿನ ಇಂಗ್ಲಿಷ್ ದೊರೆಯ ತಂಗಿ ಮಿಸ್ ಆಗ್ನೆಸ್, ದೊಡ್ಡ ಪಿಟೀಲಿನಂಥ ವಾದ್ಯವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯುತ್ತಿದ್ದಳು. ಆ ದನಿ ನೇರ ಹೊಟ್ಟೆಗೆ ಇಳಿಯಿತು. ತಾನು ನದಿಯ ತಳದಲ್ಲಿ ನಿಂತಿದ್ದೇನೆ, ಮೇಲೆ ಯಾವುದೋ ದೋಣಿ ನಿಧಾನವಾಗಿ ಹಾದುಹೋಗುತ್ತಿದೆ ಅನ್ನಿಸಿತು ಹುಡುಗಿಗೆ.

ಆಗ್ನೆಸ್ ಅವಳಿಗೆ ಐದು ವರ್ಷ ಕಲಿಸಿದಳು. ಚೆಲ್ಲೋ ಶಿಷ್ಯೆಯ ಕೈಗೆ ಬಂತು, ಗುರು ಪಿಯಾನೋ ಮುಂದೆ ಕೂತಳು. ನೆಂಟರು ನಕ್ಕು ಗೊಣಗಿದಾಗ ಗಂಗಣ್ಣ, "ಅವ್ಳಿಗೆ ಬಂದದ್ದು ಅವ್ಳು ಮಾಡ್ತಾಳೆ, ನಿಮ್ಗೇನ್ರಪ್ಪಾ?" ಎಂದು ಮಗಳನ್ನು ಹೆಚ್ಚಿನ ಕಲಿಕೆಗೆ ಮದರಾಸಿಗೆ ಕಳಿಸಿದರು.

ಅಲ್ಲಿಂದ ಬೊಂಬಾಯಿ. ಪತ್ರಿಕೆಗಳಲ್ಲಿ ಅವಳ ಹೆಸರು ಬಂತು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ದೊಡ್ಡ ಸಭಾಂಗಣವೊಂದರಲ್ಲಿ ಒಬ್ಬಳೇ ನುಡಿಸುತ್ತಿದ್ದಾಗ, ನಡುವೆ ಮುಂದಿನ ಸಾಲು ಮನಸ್ಸಿನಿಂದ ಅಳಿಸಿಹೋಯಿತು. ಕಮಾನು ಗಾಳಿಯಲ್ಲೇ ನಿಂತಿತು. ಅವಳು ಎದ್ದು ಹೊರಗೆ ನಡೆದಳು. ಆಮೇಲೆ ಒಂಟಿಯಾಗಿ ವೇದಿಕೆ ಹತ್ತಲಿಲ್ಲ. ನಾಲ್ವರ ಸಣ್ಣ ತಂಡವೊಂದನ್ನು ಸೇರಿದಳು. ಪಕ್ಕದವರ ಉಸಿರು ಕೇಳುವಷ್ಟು ಹತ್ತಿರ ಕೂತು ನುಡಿಸುವಾಗ ಭಯ ಬರುತ್ತಿರಲಿಲ್ಲ. ಏಳು ವರ್ಷ ಹಾಗೆ ಕಳೆಯಿತು. ಆಮೇಲೆ ತಂಡದಲ್ಲಿದ್ದ ಇಬ್ಬರು ವಿದೇಶಿಯರು ತಮ್ಮ ದೇಶಕ್ಕೆ ಹೊರಟರು, ತಂಡ ಚದುರಿತು. ಅದೇ ಹೊತ್ತಿಗೆ ಆಗ್ನೆಸಳ ಕಾಗದ ಬಂತು: "ಅಣ್ಣ ತೀರಿಕೊಂಡ. ಜೊತೆಗೆ ನುಡಿಸುವವರಿಲ್ಲ. ಬರುತ್ತೀಯಾ?"

ರುದ್ರಮ್ಮ ಬಂದಳು. ದಿನವೂ ಮಧ್ಯಾಹ್ನ ಬಂಗಲೆಯಲ್ಲಿ ಇಬ್ಬರೂ ನುಡಿಸುತ್ತಿದ್ದರು. ಕೆಳಗಿನ ತೋಟದಲ್ಲಿ ಹೆಂಗಸರು ಕಾಫಿ ಕೊಯ್ಯುತ್ತಿದ್ದರು.

ಮರುವರ್ಷ ಮಾರ್ಚಿನಲ್ಲಿ ಊರಿನ ಶಾಲೆಯ ಹೊಸ ಕಟ್ಟಡ ತೆರೆಯುವ ದಿನ ಇಬ್ಬರೂ ನುಡಿಸುವುದೆಂದಾಗಿತ್ತು. ಆದರೆ ಆಗ್ನೆಸಳ ಮಣಿಕಟ್ಟು ಊದಿಕೊಂಡಿತು. ರುದ್ರಮ್ಮ ಒಬ್ಬಳೇ ನುಡಿಸಬೇಕಾಯಿತು.

"ನಮ್ಮೂರೋರೇ ಕಣವ್ವ, ಹೆದರ್‌ಬ್ಯಾಡ" ಎಂದರು ಗಂಗಣ್ಣ.

ಶಾಲೆಯ ಸುತ್ತಲ ಕಾಫಿ ತೋಟವೆಲ್ಲ ಹೂ ಬಿಟ್ಟಿತ್ತು. ಆ ಗಮಲಿಗೆ ಜನ ಅರೆನಿದ್ದೆಯಲ್ಲಿದ್ದಂತೆ ಕೂತಿದ್ದರು. ರುದ್ರಮ್ಮ ಕಣ್ಣು ಮುಚ್ಚಿ ನುಡಿಸಿದಳು. ಗೋಡೆಗಳು ಕರಗಿದವು, ಬೆಟ್ಟದ ಮೇಲಿನ ಬೆಳ್ಳನೆಯ ಹೂಗಳ ನಡುವೆ ತೇಲಿದಂತಾಯಿತು. ಅಷ್ಟರಲ್ಲಿ ಬೊಂಬಾಯಿಯ ಹಾಗೆಯೇ ಸಾಲು ಕಳೆದುಹೋಯಿತು. ಕೈ ನಿಂತಿತು.

ಹಿಂದಿನಿಂದ ಒಂದು ಹೆಣ್ಣುದನಿ ಆ ಸಾಲನ್ನು ಎತ್ತಿಕೊಂಡಿತು. ಮಾತಿಲ್ಲದ ಬರಿಯ ಗುನುಗು, ಒಂದು ಸ್ವರವೂ ತಪ್ಪಿರಲಿಲ್ಲ. ಯಾರೂ ನಗಲಿಲ್ಲ. ರುದ್ರಮ್ಮನ ಕಮಾನು ತಾನಾಗಿ ಆ ದನಿಯ ಪಕ್ಕಕ್ಕೆ ಇಳಿಯಿತು. ಇಬ್ಬರೂ ಸ್ವಲ್ಪ ದೂರ ಜೊತೆಯಾಗಿ ಹೋದರು. ಆಮೇಲೆ ದನಿ ಹಿಂದೆ ಸರಿಯಿತು. ರುದ್ರಮ್ಮ ಕೊನೆಯವರೆಗೂ ನುಡಿಸಿದಳು.

ಹಾಡಿದವಳು ಎಸ್ಟೇಟಿನ ಆಳುಗಳ ಲೈನುಮನೆಯಲ್ಲಿದ್ದ ಇಪ್ಪತ್ತರ ಮುತ್ತಿ, ಕಾಫಿ ಕೊಯ್ಯುವವಳು.

"ನಿಂಗೆ ಹೆಂಗೆ ಗೊತ್ತು?" ಎಂದು ಕೇಳಿದಳು ರುದ್ರಮ್ಮ.

"ದಿನಾ ಕೇಳ್ತೀನಲ್ಲಮ್ಮಾ, ತೋಟದಲ್ಲಿ. ನೀವು ಒಂದೊಂದ್ ಸಲ ಅಲ್ಲೇ ನಿಂತ್‌ಬಿಡ್ತೀರಿ. ಆಗ ನಾನೇ ಬಾಯೊಳಗೆ ಮುಗಿಸ್ಕೋತೀನಿ. ಇಲ್ದಿದ್ರೆ ಕೈ ಓಡಲ್ಲ."

"ಭಾನುವಾರ ಬಂಗಲೆಗೆ ಬಾ. ಕಲಿಸ್ತೀನಿ."

"ನಂಗಾ? ಲೈನಲ್ಲಿ ನಗ್ತಾರೆ."

"ನಮ್ಮ ನೆಂಟರೂ ನಕ್ಕಿದ್ರು. ಬಾ."

ಆಗ್ನೆಸ್ ತನ್ನ ಹಳೆಯ ಚೆಲ್ಲೋ ಕೊಟ್ಟಳು. ಕೊಂಬೆಗಳಿಗೆ ತರಚಿ ಗಟ್ಟಿಯಾಗಿದ್ದ ಮುತ್ತಿಯ ಬೆರಳುಗಳಿಗೆ ತಂತಿ ನೋಯಿಸಲಿಲ್ಲ. ಅವಳಿಗೆ ಓದು ಬಾರದು. ಅದಕ್ಕೇ ರುದ್ರಮ್ಮ ಸಾಲುಸಾಲನ್ನೂ ಹಾಡಿ ಕಲಿಸಿದಳು. ಹಾಗೆ ಹಾಡುತ್ತ ರುದ್ರಮ್ಮನ ಸ್ವಂತ ನೆನಪೂ ಗಟ್ಟಿಯಾಯಿತು. ಯಾವಾಗಲೋ ಮುತ್ತಿಯ ಬಾಯಲ್ಲಿ 'ಅಮ್ಮಾ' ಹೋಗಿ 'ಅಕ್ಕಾ' ಬಂತು.

ಕೊಡಗು ಮೈಸೂರಿಗೆ ಸೇರುವ ಮಾತು ಎಲ್ಲರ ಬಾಯಲ್ಲಿದ್ದ ವರ್ಷ, ಮಡಿಕೇರಿಯಲ್ಲಿ ಎರಡು ಚೆಲ್ಲೋಗಳ ಕಚೇರಿ ನಡೆಯಿತು. ಮುತ್ತಿ ಮೇಲಿನ ಸ್ವರಗಳ ಸಾಲು ನುಡಿಸಿದಳು, ರುದ್ರಮ್ಮ ಕೆಳಗಿನ ಸ್ವರಗಳದು. ಮುಂದಿನ ವಾರವೇ ಪೊನ್ನಂಪೇಟೆಯಿಂದ ಅಕ್ಕತಂಗಿಯರಿಬ್ಬರು ಕಲಿಯಲು ಬಂದರು.

"ನೀನೇ ಶುರು ಮಾಡು" ಎಂದಳು ರುದ್ರಮ್ಮ ಮುತ್ತಿಗೆ, ಜಗಲಿಯ ಬೆತ್ತದ ಕುರ್ಚಿಯಲ್ಲಿ ಒರಗುತ್ತ.

ಮುತ್ತಿ ಹುಡುಗಿಯರ ಮೊಣಕೈ ಸರಿಪಡಿಸಿ, "ಮೊದ್ಲು ಹಾಡಿ" ಎಂದಳು.