ಮೊದಲು ಉತ್ತರ, ಆಮೇಲೆ ನೀರು

ಮತ್ತೆ ಕೆಮ್ಮಿದ, ಇದು ಮೂರನೇ ಸಲ, ಮೈಕು ಅವನ ಕೆಮ್ಮನ್ನೂ ದೊಡ್ಡದು ಮಾಡಿ ಹಿಂದಿನ ಸಾಲಿನ ತನಕ ಮುಟ್ಟಿಸುತ್ತಿದೆ, ಕೆಮ್ಮಲಿ, ನೀರಿನ ಬಾಟಲಿಗಳೆಲ್ಲ ನನ್ನ ಮೇಜಿನ ಕೆಳಗಿವೆ, ನಾನೇ ಇಟ್ಟಿದ್ದು, ಬೆಳಿಗ್ಗೆ ವೇದಿಕೆಗೆ ಜೋಡಿಸಿದ್ದನ್ನು ಒಂದೊಂದಾಗಿ ತೆಗೆದು — ಶಿರಸಿಯಲ್ಲಿ ರಾಜ್ಯಸಭಾ ಸದಸ್ಯ ಸೀತಾರಾಮರೊಡನೆ ಸಂವಾದ, ನಿರೂಪಣೆ ರೋಹಿಣಿ, ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ, ಯಾವ ರೋಹಿಣಿ ಎಂದು ಅವನು ಕೇಳಲಿಲ್ಲ, ವೇದಿಕೆ ಹತ್ತುವಾಗ ಕೈಮುಗಿದು ಚೆನ್ನಾಗಿದ್ದೀರಾ ಎಂದ, ಗುರುತೇ ಹತ್ತಿಲ್ಲ, ಹತ್ತದೇ ಇದ್ದದ್ದು ಒಳ್ಳೆಯದೇ ಆಯಿತು, ಹೊಟ್ಟೆ ಉರಿದದ್ದು ಮಾತ್ರ ನಿಜ. ಪ್ರಶ್ನೆಯ ಚೀಟಿಗಳನ್ನು ಓದುವುದು ನನ್ನ ಕೆಲಸ, ರೈಲು ಯಾವಾಗ ಬರುತ್ತದೆ, ಘಾಟಿ ರಸ್ತೆ ಏನಾಯಿತು, ಮಂಚಿಕೇರಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಎಲ್ಲಕ್ಕೂ ಅವನ ಹತ್ತಿರ ಒಂದು ನಗುವಿದೆ, ನಗಲಿ, ಕೊನೆಯ ಚೀಟಿ ನನ್ನದು, ಮೂರನೇ ಸಾಲಿನಲ್ಲಿ ಅವ್ವನನ್ನು ಕರೆತಂದು ಕೂರಿಸಿದ್ದೇನೆ, ಕಣ್ಣಾರೆ ನೋಡಲಿ ಎಂದು.

ನಾಲ್ಕು ವರ್ಷ ಕಾದಿದ್ದೇನೆ — ಸಿದ್ದಾಪುರದ ನಮ್ಮ ಪತ್ತಿನ ಸಂಘ, ನಾನು ಕಾರ್ಯದರ್ಶಿ, ಕೊರೊನಾದ ಮರುವರ್ಷದ ವಾರ್ಷಿಕ ಸಭೆ, ಠೇವಣಿಯ ಬಡ್ಡಿಯನ್ನು ಎಂಟರಿಂದ ಏಳಕ್ಕೆ ಇಳಿಸಿದ್ದೆವು, ಆಗ ಅವನು ಬರೀ ಒಬ್ಬ ಸದಸ್ಯ, ಎದ್ದು ಮೈಕು ಕಸಿದುಕೊಂಡ, ಎಂತಕ್ಕೆ ಇಳ್ಸಿದ್ದು, ನಿಂತು ಹೇಳಿ. ನಿಂತೆ. ದೇಶದ ಕೇಂದ್ರ ಬ್ಯಾಂಕು ರೆಪೋ ದರ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ, ಇಳಿಸಿದೆ, ಅದು ಇಳಿಸಿದರೆ ಉಳಿದ ಬ್ಯಾಂಕುಗಳೂ ಇಳಿಸುತ್ತವೆ, ನಾವಿಟ್ಟ ಹಣಕ್ಕೇ ಅವರು ಕಡಿಮೆ ಕೊಡುವಾಗ ನಾವು ಎಲ್ಲಿಂದ ಕೊಡೋಣ ಎಂದೆ, ಎರಡು ತಾಸು ಅದನ್ನೇ ಹೇಳಿದೆ, ನಾಲಿಗೆ ಅಂಗುಳಿಗೆ ಅಂಟಿತು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಎಮ್ಮೆ ನಾನು. ಮೂರನೇ ಸಾಲಿನಿಂದ ಅವ್ವ ಎದ್ದಳು, ಅವಳೂ ಸದಸ್ಯೆ, ಚೌಡಮ್ಮ, ಬಾಟಲಿ ನೀರು ಅವಳಿಗೆ ಸೇರದು, ಎಲ್ಲಿಗೆ ಹೋದರೂ ಚೀಲದಲ್ಲಿ ಮುಚ್ಚಳದ ಹಿತ್ತಾಳೆ ತಂಬಿಗೆ, ಅದನ್ನೇ ಹಿಡಿದು ಬಂದಳು, ಮಗ್ಳ ಗಂಟ್ಲು ಒಣಗೋಗಿದೆ, ಒಂದ್ ಗುಟುಕು ಕುಡೀಲಿ. ಅವನು ಮೈಕಿನಲ್ಲೇ ಹೇಳಿದ, ಕೂತ್ಕಳಿ ಅಮ್ಮ, ಮೊದ್ಲು ಉತ್ರ, ಆಮೇಲೆ ನೀರು. ಸಭೆ ನಕ್ಕಿತು. ಅವ್ವ ಹಿಂದೆ ಹೋಗಿ ಕೂತಳು, ತಂಬಿಗೆ ಮಡಿಲಲ್ಲಿ, ಎರಡೂ ಕೈ ಅದರ ಮೇಲೆ. ಕೊನೆಗೆ ಅವನು, ಆ ರೆಪೋ ಇಳ್ಸಿದವ್ರನ್ನ ಕರೆಸಿ ನನ್ನೆದುರು, ನಾನೇ ಕೇಳ್ತೆ — ಚಪ್ಪಾಳೆ, ಆ ಚಪ್ಪಾಳೆಯ ಮೆಟ್ಟಿಲು ಹತ್ತಿಯೇ ಅವನು ದಿಲ್ಲಿಗೆ ಹೋದದ್ದು, ನಾನು ಮರುದಿನ ರಾಜೀನಾಮೆ ಬರೆದದ್ದು, ಅಂದು ನಡುಗಿದ ಸ್ವರದಲ್ಲೇ ಈಗ ಮದುವೆ, ಸನ್ಮಾನಗಳ ನಿರೂಪಣೆ ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆ.

ಆಮೇಲೆ ದೇವರು ಕಣ್ಣುಬಿಟ್ಟ, ಅವನನ್ನು ಹಣಕಾಸಿನ ಸಂಸದೀಯ ಸಮಿತಿಗೇ ಹಾಕಿದರು, ಕೇಂದ್ರ ಬ್ಯಾಂಕಿನವರು ಬಂದು ದರ ಯಾಕೆ ಏರಿಸಿದೆವು, ಯಾಕೆ ಇಳಿಸಿದೆವು ಎಂದು ಉತ್ತರ ಹೇಳಬೇಕಾದ ಸಮಿತಿ, ಅಂದರೆ ಕರೆಸಿಯೇ ಬಿಟ್ಟರು, ಅವನೆದುರೇ. ವರದಿಯ ಕೊನೆಯಲ್ಲಿ ಹಾಜರಿ ಇರುತ್ತದೆ, ಯಾರೂ ಓದದ ಪುಟ, ನಾನು ಓದಿದೆ, ಎರಡು ಸಲ ಅವರು ಬಂದಿದ್ದಾರೆ, ಎರಡು ಸಲವೂ ಇವನ ಹೆಸರಿಲ್ಲ, ಒಂದು ದಿನ ಎಲ್ಲಿದ್ದ ಎಂಬುದಕ್ಕೆ ಅವನೇ ಹಾಕಿಕೊಂಡ ಫೋಟೋ ಇದೆ, ಯಲ್ಲಾಪುರದಲ್ಲಿ ಬೇಕರಿಯ ರಿಬ್ಬನ್, ಕೈಯಲ್ಲಿ ಕತ್ತರಿ. ಎತ್ತು ಎದುರಿಗೇ ಬಂದು ನಿಂತಾಗ ಬರೆ ಎಳೆಯುವವನು ಬೇಕರಿಯಲ್ಲಿ.

ಕೊನೆಯ ಚೀಟಿ ಓದಿದೆ. ಸ್ವರ ನಡುಗಲಿಲ್ಲ. ಕರೆಸಿ, ನಾನೇ ಕೇಳ್ತೆ ಅಂದಿದ್ರಿ, ಕರೆಸಿದ ದಿನ ನೀವು ಎಲ್ಲಿದ್ರಿ, ಎಂತ ಕೇಳಿದ್ರಿ, ನಿಂತು ಹೇಳಿ. ನಗು ಇಳಿಯಿತು, ಈಗ ಗುರುತು ಹತ್ತಿತು, ಸಮಿತಿಯ ವಿಷಯ ಹೊರಗೆ ಹೇಳುವ ಹಾಗಿಲ್ಲ ಎಂದ, ಹಾಜರಿ ಗುಟ್ಟಲ್ಲ ಎಂದೆ, ಪುಟ ಎತ್ತಿ ತೋರಿಸಿದೆ, ತುಟಿ ಸವರಿಕೊಂಡ, ಅವನ ಕೈ ಬಾಟಲಿ ಹುಡುಕುತ್ತಿದೆ, ಹುಡುಕಲಿ, ಖುಷಿಯಾಗುತ್ತಿದೆ, ಸುಳ್ಳು ಯಾಕೆ ಹೇಳಲಿ, ಹಬ್ಬದೂಟ ಉಂಡಷ್ಟು ಖುಷಿ — ಯಾರೋ ಎದ್ದರು, ಬಿಳಿ ತಲೆ, ಬಾಗಿದ ಬೆನ್ನು, ಅವ್ವ, ಕೈಯಲ್ಲಿ ಅದೇ ತಂಬಿಗೆ, ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟಳು, ಪಾಪ, ಅವ್ನ ಗಂಟ್ಲು ಒಣಗೋಗಿದೆ, ಒಂದ್ ಗುಟುಕು ಕುಡೀಲಿ, ಬೇಡ ಅವ್ವ, ಅವನಿಗೆ ಬೇಡ, ಅವನಿಗೆ ನೀನು ಯಾಕೆ — ಮೈಕು ಬಾಯಿಯ ಹತ್ತಿರವೇ ಇತ್ತು, ಕೂತ್ಕ ಅವ್ವ, ಮೊದ್ಲು ಉತ್ರ, ಆಮೇಲೆ ನೀರು, ನನ್ನದೇ ಸ್ವರ, ಹಿಂದಿನ ಸಾಲಿನ ತನಕ ಮುಟ್ಟಿತು, ಸಭೆ ನಕ್ಕಿತು, ಅವ್ವ ನನ್ನನ್ನೇ ನೋಡಿದಳು, ತಿರುಗಿ ಹೋದಳು, ಅವನು ಏನೋ ಉತ್ತರ ಹೇಳಲು ಶುರುಮಾಡಿದ್ದಾನೆ, ನನಗೆ ಕೇಳುತ್ತಿಲ್ಲ, ಮೂರನೇ ಸಾಲು, ತಂಬಿಗೆ ಮಡಿಲಲ್ಲಿ, ಎರಡೂ ಕೈ ಅದರ ಮೇಲೆ, ತಂಬಿಗೆ