ಹನ್ನೊಂದು ಪುಸ್ತಕ ಓದಿ ಬರೆದ ಕತೆ

ಮೂಡಲಗಿಯಲ್ಲಿ ತಹಶೀಲ್ದಾರ ಕಚೇರಿಯ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಆಧಾರ ಕಾರ್ಡು, ಹೊಲದ ಉತಾರ, ಜಾತಿ ಪ್ರಮಾಣಪತ್ರ ಅಂತ ಊರವರ ಕಾಗದಗಳನ್ನೆಲ್ಲ ದಿನವಿಡೀ ಪ್ರತಿ ತೆಗೆದುಕೊಡುವವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನೀವು ನನ್ನನ್ನು ಬೈಯುವವರಿದ್ದೀರಿ.

ನನ್ನ ತಮ್ಮ ಲಖನ ಕಬ್ಬಿನ ಟ್ರ್ಯಾಕ್ಟರ್ ಉರುಳಿ ಸತ್ತು, ನಾನು ಬರೆಯಲು ಕೂತಾಗ ಮೂರು ವರ್ಷವಾಗಿತ್ತು. ಅಂದಿನಿಂದ ನಮ್ಮವ್ವ ಉದ್ದವ್ವ ಅವನ ಹೆಸರೆತ್ತಿರಲಿಲ್ಲ. ಅತ್ತಿರಲೂ ಇಲ್ಲ. ಯಾರಾದರೂ ಅವನ ಮಾತು ತೆಗೆದರೆ ಎದ್ದು ಎಮ್ಮೆಗೆ ಮೇವು ಹಾಕಲು ಹೋಗುತ್ತಿದ್ದಳು. ನಮ್ಮ ಎಮ್ಮೆ ದಪ್ಪಗಾದದ್ದು ಹೀಗೆ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಒಂದು ವಹಿಯಲ್ಲಿ ಅವನ ಬಗ್ಗೆ ಬರೆಯತೊಡಗಿದೆ. ಬಾಯಿಗೆ ಬಂದಂತೆ ಬರೆದೆ. ಅವನ ಬೈಗುಳ, ಅವನು ಸಂತೆಯಲ್ಲಿ ಚಪ್ಪಲಿ ಕಳೆದುಕೊಂಡು ಬೇರೆಯವರದನ್ನು ಹಾಕಿಕೊಂಡು ಬಂದದ್ದು, ಅವ್ವನನ್ನು ‘ಏ ಉದ್ದವ್ವಾ’ ಎಂದು ಹೆಸರು ಹಿಡಿದೇ ಕರೆಯುತ್ತಿದ್ದದ್ದು. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಮೊದಲ ಪುಟ ಓದಿದೆ. ಹಾಲಿನಲ್ಲಿ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದ ಎಂಬಲ್ಲಿ ಅವಳ ಕೈ ನಿಂತಿತು.

“ಹಾಲಾಗ ಅಲ್ಲ. ಚಾದಾಗ ಮುರ್ಕೊಂಡು ತಿಂತಿದ್ದ ಅಂವ,” ಎಂದಳು.

ಮೂರು ವರ್ಷದಲ್ಲಿ ತಮ್ಮನ ಬಗ್ಗೆ ಅವಳಾಡಿದ ಮೊದಲ ಮಾತು ಅದು. “ಮುಂದ ಏನ್ ಬರದಿ?” ಎಂದೂ ಕೇಳಿದಳು.

ನನ್ನ ಬುದ್ಧಿಗೆ ಬೆಂಕಿ ಬೀಳಲಿ. ವಹಿ ಮುಚ್ಚಿಟ್ಟು, “ತಡಿ ಅವ್ವಾ, ಚಂದಂಗ ಬರದು ಪೂರಾ ಓದತೇನಿ,” ಎಂದೆ.

ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ಗುರುಪಾದ ಸರ್ ನಿವೃತ್ತರಾಗಿ ತಮ್ಮ ಊರು ಹುಕ್ಕೇರಿಯಲ್ಲಿದ್ದರು. ವಹಿ ತೆಗೆದುಕೊಂಡು ಅವರಲ್ಲಿಗೆ ಹೋದೆ. ಅವರು ನಾಲ್ಕು ಪುಟ ತಿರುವಿದರು.

“ವಿಜಯಶ್ರೀ, ಇದು ಮನ್ಯಾನ ಮಾತಾತವಾ, ಕತಿ ಆಗಲಿಲ್ಲ. ಓದಬೇಕು. ಓದದ ಬರದ್ರ ಹಿಂಗ ಆಗತೈತಿ.”

“ಏನ್ ಓದಲಿರಿ ಸರ್?”

ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಗೆ ಹನ್ನೊಂದು ಪುಸ್ತಕಗಳ ಹೆಸರು ಬರೆದುಕೊಟ್ಟರು. ಮೊದಲೆರಡನ್ನು ಕಪಾಟಿನಿಂದ ತೆಗೆದು ಕೈಯಲ್ಲಿಟ್ಟರು. ಅವರಲ್ಲಿ ಕೆಟ್ಟ ಬುದ್ಧಿ ಎಳ್ಳಷ್ಟೂ ಇರಲಿಲ್ಲ, ಚಹಾ ಕುಡಿಸದೆ ನನ್ನನ್ನು ಒಮ್ಮೆಯೂ ಕಳಿಸಲಿಲ್ಲ. ಅದಕ್ಕೇ ಅವರ ಮೇಲೆ ಸಿಟ್ಟಾಗಲೂ ನನಗೆ ಬರುವುದಿಲ್ಲ.

ಎರಡು ವರ್ಷ ಓದಿದೆ. ಹುಕ್ಕೇರಿ ಬಸ್ಸಿನಲ್ಲಿ ನಿಂತುಕೊಂಡು, ಗೋಕಾಕದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ, ಅಂಗಡಿಯಲ್ಲಿ ಕರೆಂಟು ಹೋದಾಗ. ಒಂದೊಂದು ಪುಸ್ತಕ ಮುಗಿದಾಗಲೂ ನನ್ನ ವಹಿ ನೋಡಿ ನನಗೇ ನಾಚಿಕೆಯಾಗುತ್ತಿತ್ತು. ಬೈಗುಳ ತೆಗೆದೆ. ಚಪ್ಪಲಿ ತೆಗೆದೆ. ಕತೆಯೊಳಗಿನ ಮಗ ತಾಯಿಯನ್ನು ‘ಅಮ್ಮಾ’ ಎನ್ನತೊಡಗಿದ. ರೊಟ್ಟಿಯೂ ಚಹಾವೂ ಹೋಗಿ ಅಲ್ಲಿ ಮುಳುಗುವ ಸೂರ್ಯ ಬಂದ. ಆರನೆಯ ಪುಸ್ತಕದ ಹೊತ್ತಿಗೆ ಹೆಸರೂ ಹೋಗಿ ಲಖನ ಬರೀ ‘ಅವನು’ ಆದ. ಈ ನಡುವೆ ಅವ್ವ ಎರಡು ಸಲ “ಬರದು ಮುಗೀತೇನ?” ಎಂದು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಹನ್ನೊಂದನೆಯದು ಮುಗಿದ ಮರುದಿನ ಹಳೆಯ ವಹಿಯನ್ನು ನಾನೇ ಬಚ್ಚಲ ಒಲೆಗೆ ಹಾಕಿದೆ. ಅಂಥದ್ದು ಯಾರ ಕಣ್ಣಿಗೂ ಬೀಳುವುದು ಬೇಡ ಅನಿಸಿತ್ತು. ಊರಿಗೆಲ್ಲ ಪ್ರತಿ ತೆಗೆದುಕೊಡುವವಳು ಅದರ ಒಂದು ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ಈಗ ಬೈಯಿರಿ.

ಹೊಸ ಕತೆಯನ್ನು ಓದಿ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಈಗ ಕತಿ ಆತ ನೋಡವಾ,” ಎಂದರು. ಅವರೇ ಕಳಿಸಿಕೊಟ್ಟರು, ಒಂದು ಪತ್ರಿಕೆಯ ದೀಪಾವಳಿ ವಿಶೇಷಾಂಕದಲ್ಲಿ ಅಚ್ಚಾಯಿತು. ನಾನು ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿದೆ. ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ ಮೊದಲಿನಿಂದ ಕೊನೆಯವರೆಗೆ ಓದಿದೆ. ಅವಳು ಕದಲದೆ ಕೇಳಿದಳು. ಎಮ್ಮೆಯ ಕಡೆ ಎದ್ದು ಹೋಗಲಿಲ್ಲ. ಈಗ ಹೆಸರು ಹೇಳುತ್ತಾಳೆ, ಈಗ ಅಳುತ್ತಾಳೆ ಎಂದು ಸಾಲಿಗೊಮ್ಮೆ ತಲೆಯೆತ್ತಿ ಅವಳ ಮುಖ ನೋಡುತ್ತಿದ್ದೆ.

“ಚಲೋ ಬರದಿ,” ಎಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು, “ಪಾಪ, ಯಾರ ಮಗಾ ಅಂವ?”

ನಿನ್ನ ಮಗ ಎನ್ನಬೇಕಾದವಳು ವಿಶೇಷಾಂಕ ಮಡಚಿಕೊಂಡು ಅಂಗಡಿಯ ಬೀಗ ತೆಗೆಯಲು ಹೋದೆ.

ಹೊಸ ವಹಿ ತಂದಿದ್ದೇನೆ. ಹಳೆಯದನ್ನು ಇದ್ದಂತೆಯೇ ಬರೆಯೋಣವೆಂದು ದಿನಾ ಕೂರುತ್ತೇನೆ. ಪೆನ್ನು ಹಿಡಿದರೆ ಆ ಹಾಳು ಸೂರ್ಯನೇ ಮುಳುಗುತ್ತಾನೆ. ಲಖನ ಬೈಯುತ್ತಿದ್ದ ಬೈಗುಳ ಯಾವುದಿತ್ತೋ, ಈಗ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಅವ್ವನಿಗೆ ಗೊತ್ತಿದೆ. ಕೇಳಿದರೆ ಎದ್ದು ಎಮ್ಮೆಗೆ ಮೇವು ಹಾಕಲು ಹೋಗುತ್ತಾಳೆ.